ಓದುಗರ ಪ್ರಶ್ನೆ, ಅಕ್ಕೋರ ಉತ್ತರ: ಪರದೇಶದ ಬೀದಿಯಲ್ಲಿ ನಮ್ಮ ಜಾಗ ಯಾವುದು?

ಕಳೆದ ಸಂಚಿಕೆಯಲ್ಲಿ ಹಾಂಗ್‌ಕಾಂಗ್‌ನ ನಮ್ಮ ಹಳೆಯ ಮನೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ವಿಷಯ ಕೇಳಿವೆ. ಬೇರೆ ದೇಶದಲ್ಲಿ ಮನೆ ಮಾಡಿಕೊಂಡವರು ಅಲ್ಲಿಯ ಜನ ಬೀದಿಗಿಳಿದಾಗ ಏನು ಮಾಡಬೇಕು, ಏನು ಮಾತಾಡಬೇಕು? ಅಂಥ ಐದು ಪತ್ರಗಳಿಗೆ ಈ ಸಲ ಉತ್ತರಿಸುತ್ತಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟು: ಊರು ಅಂಕೋಲೆ. ಇಲ್ಲಿಯ ಶಾಲೆಯಲ್ಲಿ ಆರು ವರ್ಷ ಅಕ್ಕೋರಾಗಿದ್ದೆ. ಯಜಮಾನರು ಹಡಗಿನ ಎಂಜಿನಿಯರು. ಅವರಿಗೆ ದಡದ ಮೇಲಿನ ಕೆಲಸ ಸಿಕ್ಕಿದ್ದರಿಂದ 1999ರಿಂದ 2021ರವರೆಗೆ ಹಾಂಗ್‌ಕಾಂಗ್‌ನ ಹುಂಗ್ ಹೋಮ್ ಎಂಬಲ್ಲಿ ಸಂಸಾರ ಮಾಡಿದೆವು.

ಅಕ್ಕೋರೇ, ಮಗ ಸೊಸೆ ಎಂಟು ವರ್ಷದಿಂದ ಯುರೋಪಿನಲ್ಲಿದ್ದಾರೆ. ಅಲ್ಲಿ ರೈತರೋ ರೈಲು ನೌಕರರೋ ರಸ್ತೆ ತಡೆದಾಗಲೆಲ್ಲ ವಿಡಿಯೊ ಕಳಿಸಿ ‘ಇವರಿಗೆ ಬೇರೆ ಉದ್ಯೋಗವಿಲ್ಲ’ ಎಂದು ಬರೆಯುತ್ತಾರೆ. 2021ರ ಏಪ್ರಿಲ್‌ನ ಬಸ್ ನೌಕರರ ಮುಷ್ಕರದಲ್ಲಿ ಮನೆಗೆ ಸಂಬಳ ಬಾರದೆ ಕೂತವನು ನಾನು. ಆ ಮಾತು ಓದಿದರೆ ಹೊಟ್ಟೆ ಉರಿಯುತ್ತದೆ. ನೀವು ಅಲ್ಲಿದ್ದಾಗ ಏನಂದುಕೊಂಡಿದ್ದಿರಿ?
— ನಿವೃತ್ತ ಬಸ್ ಚಾಲಕ, ಕುಮಟಾ

ನಿಮ್ಮ ಮಗ ಬರೆದದ್ದನ್ನೇ ನಾನೂ ಹೇಳಿದ್ದೆ. ಮುಚ್ಚಿಡುವುದಿಲ್ಲ.

2014ರ ಸೆಪ್ಟೆಂಬರ್ ಕೊನೆಯಿಂದ 79 ದಿನ ಹಾಂಗ್‌ಕಾಂಗ್‌ನ ಮುಖ್ಯ ರಸ್ತೆಗಳಲ್ಲಿ ಹುಡುಗರು ಡೇರೆ ಹಾಕಿ ಕೂತರು. ಪೊಲೀಸರ ಅಶ್ರುವಾಯು, ಖಾರದ ಸ್ಪ್ರೇ ತಡೆಯಲು ಕೊಡೆ ಬಿಚ್ಚಿ ಹಿಡಿದಿದ್ದರಿಂದ ಅದಕ್ಕೆ ಕೊಡೆ ಚಳವಳಿ ಎಂದೇ ಹೆಸರಾಯಿತು. ಆಗ ನಾನು ಶಾಮ್ ಶುಯಿ ಪೋದಲ್ಲಿ ಭಾರತ, ಪಾಕಿಸ್ತಾನ, ನೇಪಾಳದ ಮಕ್ಕಳಿಗೆ ಸಂಜೆಪಾಠ ಹೇಳಲು ಹೋಗುತ್ತಿದ್ದೆ. ನಮ್ಮ ವಾಂಪೋವಾ ಬಡಾವಣೆಗೆ ಮೆಟ್ರೋ ಬಂದದ್ದು 2016ರಲ್ಲಿ. ಅಲ್ಲಿಯವರೆಗೆ ಬಸ್ಸೇ ಗತಿ. ಆ ಬಸ್ಸು ಹೋಗುವ ದಾರಿಯಲ್ಲಿ ಮಾಂಗ್ ಕಾಕ್ ಇತ್ತು, ಮಾಂಗ್ ಕಾಕ್‌ನಲ್ಲಿ ನೇಥನ್ ರಸ್ತೆಯನ್ನೇ ಬಂದ್ ಮಾಡಿದ್ದರು. ಅರ್ಧ ಗಂಟೆಯ ದಾರಿ ಒಂದೂವರೆ ಗಂಟೆಯಾಯಿತು. ಒಂದು ರಾತ್ರಿ ಲಿಫ್ಟಿನಲ್ಲಿ ಪಕ್ಕದ ಮನೆಯ ಅಜ್ಜಿಯ ಹತ್ತಿರ, ನನಗೆ ಬರುತ್ತಿದ್ದ ಹರಕು ಕ್ಯಾಂಟನೀಸಿನಲ್ಲಿ, ‘ಇಷ್ಟು ಚಂದದ ಊರು, ಈ ಹುಡುಗರಿಗೆ ಏನು ಕಡಿಮೆಯಾಗಿದೆ?’ ಎಂದೆ. ಅಜ್ಜಿ ಬಟ್ಟೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವಳು. ನಾನು ಊರಿಂದ ತಂದ ಮಿಡಿ ಉಪ್ಪಿನಕಾಯಿ ಅವಳಿಗೆ ಬಲು ಇಷ್ಟ. ಅಂದು ಮಾತ್ರ ನನ್ನ ಮುಖ ನೋಡದೆ, ‘ನಿನಗೆ ಬೇಸರ ಬಂದರೆ ವಿಮಾನ ಹತ್ತಿ ಊರಿಗೆ ಹೋಗುತ್ತೀಯ. ನನ್ನ ಮೊಮ್ಮಗ ಯಾವ ವಿಮಾನ ಹತ್ತಬೇಕು?’ ಎಂದಳು. ಲಿಫ್ಟಿನ ಬಾಗಿಲು ತೆರೆಯಿತು, ಹೋದಳು. ಅವಳ ಮೊಮ್ಮಗ ಮಾಂಗ್ ಕಾಕ್‌ನ ಡೇರೆಯಲ್ಲಿದ್ದಾನೆ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು ನಮ್ಮ ಅಜ್ಜ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವಾದಾಗ ಅವರು ಹದಿನೆಂಟರ ಹುಡುಗ. ಆಮೇಲೆ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ನಡೆದು ಎಷ್ಟೋ ಮನೆಗಳ ಗದ್ದೆ ಜಪ್ತಿಯಾಯಿತು. ನಮ್ಮ ಮನೆಯದೂ ಹೋಯಿತು. ಹಿತ್ತಲಲ್ಲಿ ಕೂತು ಅಜ್ಜಿ ಆ ಕತೆ ಹೇಳುವಾಗಲೆಲ್ಲ ಎಮ್ಮೆಯ ಹೆಸರನ್ನೂ ಹೇಳುತ್ತಿದ್ದಳು, ಎಮ್ಮೆಯನ್ನೂ ಒಯ್ದಿದ್ದರು. ಆಗ ಕಾರವಾರದ ಬಂಗಲೆಯಲ್ಲಿ ಕೂತ ಯಾವಳೋ ದೊರೆಸಾನಿ ‘ಇಷ್ಟು ಚಂದದ ಕರಾವಳಿ, ಈ ಜನಕ್ಕೆ ಏನು ಕಡಿಮೆ’ ಎಂದಿದ್ದರೆ? ಅವಳ ಬಾಯಿಯ ಮಾತು ನನ್ನ ಬಾಯಲ್ಲಿ ಬಂದಿತ್ತು. ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಹುಡುಗರು ಏನು ಕೇಳುತ್ತಿದ್ದಾರೆ ಎಂದು ವಿಚಾರಿಸಿದ್ದು ಅದರ ಮಾರನೆಯ ದಿನವೇ. ಹದಿನೈದು ವರ್ಷ ಆ ಊರಿನಲ್ಲಿದ್ದೂ ಕೇಳಿರಲಿಲ್ಲ. ಹಾಂಗ್‌ಕಾಂಗ್‌ನ ಮುಖ್ಯಾಡಳಿತಾಧಿಕಾರಿಯನ್ನು 1,200 ಜನರ ಒಂದು ಸಮಿತಿ ಆರಿಸುತ್ತಿತ್ತು. ಜನರೇ ಓಟು ಹಾಕಲಿ, ಆದರೆ ಯಾರು ನಿಲ್ಲಬಹುದೆಂದು ಅಂಥದೇ ಸಮಿತಿ ಜರಡಿ ಹಿಡಿಯಲಿ ಎಂದು ಬೀಜಿಂಗ್ 2014ರ ಆಗಸ್ಟ್ 31ರಂದು ತೀರ್ಮಾನಿಸಿತು. ಹುಡುಗರ ತಕರಾರು ಆ ಜರಡಿಯ ಬಗ್ಗೆ. ನಮ್ಮ ಜಿಲ್ಲೆಯ ಎಂಪಿ ಚುನಾವಣೆಗೆ ಯಾರು ನಾಮಪತ್ರ ಹಾಕಬೇಕೆಂದು ದಿಲ್ಲಿಯವರೇ ಹೇಳಿದರೆ ನೀವು ನಾನು ಸುಮ್ಮನಿರುತ್ತಿದ್ದೆವೇ?

2019ರದ್ದು ಇದಕ್ಕಿಂತ ದೊಡ್ಡದು. ತೈವಾನಿನಲ್ಲಿ ಕೊಲೆ ಮಾಡಿ ಬಂದ ಆರೋಪ ಹೊತ್ತ ಒಬ್ಬನನ್ನು ಅಲ್ಲಿಗೆ ಕಳಿಸಲು ಕಾನೂನಿಲ್ಲವೆಂಬ ಕಾರಣ ಕೊಟ್ಟು ಸರ್ಕಾರ ಗಡೀಪಾರು ಮಸೂದೆ ತಂದಿತು. ಅದು ಪಾಸಾದರೆ ಆರೋಪಿಗಳನ್ನು ಚೀನಾದ ಮುಖ್ಯಭೂಮಿಗೂ ಒಪ್ಪಿಸಬಹುದಿತ್ತು. ಹಾಂಗ್‌ಕಾಂಗ್‌ನಲ್ಲಿರುವ ಯಾರನ್ನೇ ಆದರೂ, ನಮ್ಮನ್ನೂ. ಹೊರದೇಶದವರು ಮೊದಲ ಸಲ ಗಟ್ಟಿಯಾಗಿ ಮಾತಾಡಿದ್ದು ಆಗ. ವಿದೇಶಿ ವರ್ತಕರ ಸಂಘಗಳು ಕೂಡ ಆತಂಕ ಹೇಳಿಕೊಂಡವು. ನಮ್ಮ ಕಾಲಿಗೆ ಬಿಸಿ ತಾಗಿದ ಮೇಲೆ ಎದ್ದೆವು ಎಂದು ನೋವಿನಿಂದಲೇ ಬರೆಯುತ್ತೇನೆ. ಜೂನ್ 16ರ ಭಾನುವಾರ ನಾನೂ ವಿಕ್ಟೋರಿಯಾ ಪಾರ್ಕಿನಿಂದ ಸ್ವಲ್ಪ ದೂರ ನಡೆದೆ. ಸಂಘಟಕರು 20 ಲಕ್ಷ ಜನ ಎಂದರು, ಪೊಲೀಸರು 3,38,000 ಎಂದರು. ಊರಿನ ಒಟ್ಟು ಜನಸಂಖ್ಯೆಯೇ 75 ಲಕ್ಷ. ಎಣಿಸುವುದು ನನ್ನಿಂದಾಗದು. ಆದರೆ ಆಂಬುಲೆನ್ಸ್ ಬಂದಾಗ ಆ ಜನಸಮುದ್ರ ಸದ್ದಿಲ್ಲದೆ ಎರಡಾಗಿ ಸೀಳಿ ದಾರಿ ಬಿಟ್ಟದ್ದನ್ನು ಕಣ್ಣಾರೆ ಕಂಡೆ.

ಆಮೇಲಿನದೆಲ್ಲ ಹೀಗೆ ಚಂದವಿರಲಿಲ್ಲ. ಪೆಟ್ರೋಲ್ ಬಾಂಬು, ಒಡೆದ ಮೆಟ್ರೋ ನಿಲ್ದಾಣ, ತಮ್ಮ ಕಡೆಯವರಲ್ಲದ ಅಂಗಡಿಗಳ ಮೇಲೆ ದಾಳಿ. ನವೆಂಬರ್ 11ರಂದು ವಾದ ಮಾಡಿದ ಒಬ್ಬ ಮನುಷ್ಯನಿಗೆ ಬೆಂಕಿಯನ್ನೇ ಹಚ್ಚಿದರು. ಅದನ್ನು ಸರಿ ಎನ್ನಲು ನನ್ನಿಂದ ಆಗಲಿಲ್ಲ, ಈಗಲೂ ಆಗುವುದಿಲ್ಲ. ಪೊಲೀಸರ ಲಾಠಿಯನ್ನೂ ಸರಿ ಎನ್ನಲಾರೆ. ನವೆಂಬರ್ 17ರಿಂದ ಹನ್ನೆರಡು ದಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯವನ್ನು ಮುತ್ತಿದರಲ್ಲ, ಅದು ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಕಿಟಕಿಯ ಸಂದಿಗೆ ಒದ್ದೆ ಟವೆಲು ತುರುಕಿದರೂ ಗಂಟಲು ಉರಿಯುತ್ತಿತ್ತು. ಒಳಗೆ ಸಿಕ್ಕಿಕೊಂಡ ಮಕ್ಕಳ ತಾಯಂದಿರು ಹೊರಗೆ ರಸ್ತೆಯಲ್ಲಿ ಕೂತಿದ್ದರು.

ಈ ಗಲಾಟೆಯ ನಡುವೆ ನಡೆದ ಒಂದು ಸಂಗತಿಯನ್ನು ನಿಮ್ಮ ಮಗನಿಗೆ ಹೇಳಿ. ಅಕ್ಟೋಬರ್ ಮಧ್ಯದಲ್ಲಿ ಚಳವಳಿಯ ಒಬ್ಬ ಸಂಘಟಕರ ಮೇಲೆ ಸುತ್ತಿಗೆಯಿಂದ ದಾಳಿಯಾಯಿತು. ದಾಳಿ ಮಾಡಿದವರು ನಮ್ಮ ಕಡೆಯವರಂತೆ, ದಕ್ಷಿಣ ಏಷ್ಯಾದವರಂತೆ ಇದ್ದರೆಂದು ಸುದ್ದಿ ಹಬ್ಬಿತು. 20ರ ಭಾನುವಾರ ಮೆರವಣಿಗೆ ನೇಥನ್ ರಸ್ತೆಯಲ್ಲಿ, ಅಂದರೆ ಕೌಲೂನ್ ಮಸೀದಿ ಮತ್ತು ಚುಂಗ್‌ಕಿಂಗ್ ಮ್ಯಾನ್ಶನ್ಸ್ ಎದುರಿಗೇ ಹಾಯಬೇಕು. ಚುಂಗ್‌ಕಿಂಗ್ ಎಂದರೆ ಹದಿನೇಳು ಮಹಡಿಯ ಹಳೆಯ ಕಟ್ಟಡ. ಕರಿಬೇವು, ಬೇಳೆ, ಹುಣಿಸೆಹಣ್ಣು ಎಲ್ಲ ನಾನು ಒಯ್ಯುತ್ತಿದ್ದುದು ಅದರ ನೆಲಮಹಡಿಯಿಂದ. ಅಂಗಡಿಯವರಿಗೆ ದಿಗಿಲು, ಅಂದು ಬಾಗಿಲು ಮುಚ್ಚುವುದೇ ಒಳ್ಳೆಯದು ಎಂದು ಮಾತಾಡಿಕೊಂಡಿದ್ದರು. ಕೊನೆಗೆ ಆದದ್ದೇ ಬೇರೆ. ಅಲ್ಲಿಯ ಭಾರತೀಯರು, ಪಾಕಿಸ್ತಾನದವರು, ಆಫ್ರಿಕಾದವರು ಬಾಗಿಲಿಗೆ ಬಂದು ನಿಂತು ಮೆರವಣಿಗೆಯವರಿಗೆ ನೀರಿನ ಬಾಟಲಿ ಹಂಚಿದರು. ನಾನು ಅಲ್ಲಿದ್ದೆ. ಎರಡು ಪೆಟ್ಟಿಗೆ ನೀರು ಹೊತ್ತು ತಂದು ಕೊಟ್ಟೆ. ಕಪ್ಪು ಅಂಗಿಯ ಮಕ್ಕಳು ‘ನಾವೆಲ್ಲ ಹಾಂಗ್‌ಕಾಂಗ್‌ನವರು’ ಎಂದು ನಮ್ಮ ಕಡೆಗೆ ತಿರುಗಿ ಕೂಗುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ನನ್ನನ್ನು ಆ ಊರಿನವಳು ಎಂದು ಯಾರಾದರೂ ಕರೆದದ್ದು ಅದೇ ಮೊದಲು. ಅದೇ ದಿನ ಪೊಲೀಸರ ಜಲಫಿರಂಗಿಯ ನೀಲಿ ನೀರು ಮಸೀದಿಯ ಗೇಟಿಗೆ ಬಿತ್ತು. ಮಾರನೆಯ ದಿನ ಮುಖ್ಯಾಡಳಿತಾಧಿಕಾರಿ ಕ್ಯಾರಿ ಲ್ಯಾಮ್ ಅವರೇ ಮಸೀದಿಗೆ ಬಂದು ಕ್ಷಮೆ ಕೇಳಿದರು.

ನವೆಂಬರ್ 24ರಂದು ಜಿಲ್ಲಾ ಮಂಡಳಿಗಳ ಚುನಾವಣೆ. ಏಳು ವರ್ಷ ಬಿಡದೆ ಇದ್ದು ಕಾಯಂ ನಿವಾಸಿ ಎನಿಸಿಕೊಂಡ ವಿದೇಶಿಯರಿಗೂ ಅಲ್ಲಿ ಓಟಿನ ಹಕ್ಕುಂಟು. 2006ರಿಂದ ನನಗೆ ಆ ಹಕ್ಕಿತ್ತು, ಒಮ್ಮೆಯೂ ಬಳಸಿರಲಿಲ್ಲ. ಅಂದು ಲಿಫ್ಟಿನ ಅಜ್ಜಿಯೊಟ್ಟಿಗೆ ಸಾಲಿನಲ್ಲಿ ನಿಂತೆ. ಶೇ. 71ಕ್ಕೂ ಹೆಚ್ಚು ಮತದಾನವಾಯಿತು, 18ರಲ್ಲಿ 17 ಮಂಡಳಿಗಳು ಪ್ರಜಾಪ್ರಭುತ್ವ ಕೇಳುವವರ ಕೈಗೆ ಬಂದವು. ಏಳು ತಿಂಗಳಿಗೆ, 2020ರ ಜೂನ್ 30ರ ರಾತ್ರಿ, ರಾಷ್ಟ್ರೀಯ ಭದ್ರತಾ ಕಾನೂನು ಜಾರಿಯಾಯಿತು. ಬೀದಿ ಮೌನವಾಯಿತು. ನಾವು ವಿಮಾನ ಹತ್ತಿ ಅಂಕೋಲೆಗೆ ಬಂದೆವು. ಅಜ್ಜಿ ಹೇಳಿದಂತೆಯೇ.

ಚಾಲಕ ಅಣ್ಣಾ, ಮಗನಿಗೆ ಬೈಯಬೇಡಿ. 2021ರಲ್ಲಿ ಸಂಬಳವಿಲ್ಲದ ಆ ದಿನಗಳಲ್ಲಿ ಮನೆಗೆ ಅಕ್ಕಿ ಹೇಗೆ ತಂದಿರಿ ಎಂಬುದನ್ನು ಅವನಿಗೆ ಹೇಳಿದ್ದೀರಾ? ಹೇಳಿಲ್ಲವಾದರೆ ಇವತ್ತು ಫೋನು ಮಾಡಿ ಹೇಳಿ. ಆಮೇಲೆ ಅಲ್ಲಿಯ ರೈಲು ಚಾಲಕ ಏನು ಕೇಳುತ್ತಿದ್ದಾನೆ, ತಿಳಿದು ನನಗೊಂದು ವಿಡಿಯೊ ಕಳಿಸು ಎನ್ನಿ.

ಮಗ ದುಬೈಯಲ್ಲಿ ಅಂಗಡಿಯ ಲೆಕ್ಕ ಬರೆಯುತ್ತಾನೆ. ನಮ್ಮ ದೇಶದ ಒಂದು ವಿಷಯಕ್ಕೆ ಅಲ್ಲಿ ಗೆಳೆಯರೆಲ್ಲ ಬ್ಯಾನರ್ ಹಿಡಿದು ನಿಲ್ಲೋಣ ಎನ್ನುತ್ತಿದ್ದಾರಂತೆ. ತಪ್ಪೇನಿದೆ ಎನ್ನುತ್ತಾನೆ. ನನಗೆ ಜೀವ ಹಾರುತ್ತಿದೆ.
— ಒಬ್ಬ ತಾಯಿ, ಭಟ್ಕಳ

ಬೇಡ ಎನ್ನಿ. ಇವತ್ತೇ ಹೇಳಿ.

2024ರ ಜುಲೈಯಲ್ಲಿ ಬಾಂಗ್ಲಾದೇಶದ ಕೆಲಸಗಾರರು ಸಂಯುಕ್ತ ಅರಬ್ ಸಂಸ್ಥಾನದ ಬೀದಿಗಳಲ್ಲಿ ಸೇರಿ ಘೋಷಣೆ ಕೂಗಿದರು. ಅವರ ಸಿಟ್ಟು ತಮ್ಮ ದೇಶದ ಸರ್ಕಾರದ ಮೇಲೆ, ಆಶ್ರಯ ಕೊಟ್ಟ ದೇಶದ ಮೇಲೆ ಅಲ್ಲ. ಆದರೂ ಕೆಲವೇ ದಿನಗಳಲ್ಲಿ ಅಬುಧಾಬಿಯ ನ್ಯಾಯಾಲಯ 57 ಜನರಿಗೆ ಶಿಕ್ಷೆ ವಿಧಿಸಿತು. ಮೂವರಿಗೆ ಜೀವಾವಧಿ, ಉಳಿದವರಲ್ಲಿ ಹೆಚ್ಚಿನವರಿಗೆ ಹತ್ತು ವರ್ಷ. ಢಾಕಾದಲ್ಲಿ ಸರ್ಕಾರ ಬದಲಾಗಿ, ಹೊಸ ಮುಖ್ಯಸ್ಥರು ಮಾತಾಡಿದ ಮೇಲೆ ಸೆಪ್ಟೆಂಬರ್‌ನಲ್ಲಿ ಕ್ಷಮಾದಾನ ಸಿಕ್ಕಿತು. 2022ರ ಜೂನ್‌ನಲ್ಲಿ ಕುವೈತಿನ ಫಹಾಹೀಲ್‌ನಲ್ಲಿ ಶುಕ್ರವಾರದ ನಮಾಜಿನ ನಂತರ ಸೇರಿ ಪ್ರತಿಭಟಿಸಿದ ಹೊರದೇಶದವರನ್ನು ಗಡೀಪಾರು ಮಾಡುವುದಾಗಿ ಅಲ್ಲಿಯ ಸರ್ಕಾರ ಹೇಳಿತು. ಮಗನಿಗೆ ವಿಷಯದ ಬಗ್ಗೆ ಕಾಳಜಿಯಿದ್ದರೆ ರಜೆಯಲ್ಲಿ ಊರಿಗೆ ಬಂದಾಗ, ಇಲ್ಲಿಯ ಕಾನೂನಿನ ಪ್ರಕಾರ, ತಹಶೀಲ್ದಾರ ಕಚೇರಿಯ ಎದುರು ಧಾರಾಳವಾಗಿ ನಿಲ್ಲಲಿ. ಅಲ್ಲಿ ಫೋನಿನಲ್ಲಿ ಬರೆಯುವಾಗಲೂ ಎಚ್ಚರ ಇರಲಿ.

ಇನ್ನೊಂದು ಮಾತು ನಿಮಗಲ್ಲ, ಉಳಿದ ಓದುಗರಿಗೆ. ‘ಗಲ್ಫಿನಲ್ಲಿರುವವರು ಅಲ್ಲಿ ಬಾಯಿ ಮುಚ್ಚಿಕೊಂಡು ಸುಖವಾಗಿದ್ದಾರೆ’ ಎಂದು ಕೆಲವರು ಬರೆದಿದ್ದೀರಿ. ಹಾಂಗ್‌ಕಾಂಗ್‌ನಲ್ಲಿ ನಾಲ್ಕು ಲಕ್ಷದಷ್ಟು ಮನೆಗೆಲಸದ ಹೆಂಗಸರು ಇದ್ದರು, ಬಹುಪಾಲು ಫಿಲಿಪ್ಪೀನ್ಸ್, ಇಂಡೊನೇಷ್ಯಾದವರು. ಎಷ್ಟು ವರ್ಷ ದುಡಿದರೂ ಅವರಿಗೆ ಕಾಯಂ ನಿವಾಸದ ಹಕ್ಕು ಸಿಗುವುದಿಲ್ಲವೆಂದು 2013ರಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಾಲಯವೇ ಹೇಳಿತು. ಕೆಲಸ ಹೋದರೆ ಎರಡು ವಾರದೊಳಗೆ ಹಾಂಗ್‌ಕಾಂಗ್ ಬಿಡಬೇಕು. ನಮ್ಮ ಮಹಡಿಯಲ್ಲಿ ಕೆಲಸಕ್ಕಿದ್ದ ಒಬ್ಬಳು ಮೆರವಣಿಗೆಯ ದಿನ ಕಿಟಕಿಯಿಂದಲೇ ಕೈಬೀಸಿದಳು. ಅವಳ ಮೂರು ಮಕ್ಕಳ ಫೀಸು ಆ ಕಿಟಕಿಯ ಒಳಗಿತ್ತು. ಅವಳ ಮೌನವನ್ನೂ ನಾನು 2014ರಲ್ಲಿ ಆಡಿದ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನನಗೆ ಕಳೆದುಕೊಳ್ಳಲು ಏನೂ ಇರಲಿಲ್ಲ, ಆದರೂ ಚಳವಳಿಯ ಹುಡುಗರ ವಿರುದ್ಧ ಮಾತಾಡಿದೆ.

ನಮ್ಮ ಹೋಮ್‌ಸ್ಟೇಗೆ ಹದಿನೈದು ವರ್ಷದಿಂದ ಪ್ರತಿ ಚಳಿಗಾಲ ಫ್ರಾನ್ಸಿನ ಒಬ್ಬ ಹೆಂಗಸು ಬರುತ್ತಾರೆ. ಕನ್ನಡ, ಕೊಂಕಣಿ ಎರಡೂ ಅರ್ಥವಾಗುತ್ತದೆ. ಹೊನ್ನಾವರದ ಕಾಸರಕೋಡ ಟೊಂಕಾದಲ್ಲಿ ಬಂದರು ಬೇಡವೆನ್ನುವ ಮೀನುಗಾರರ ಜೊತೆ ಧರಣಿಗೆ ಕೂರುತ್ತೇನೆ ಎಂದು ಹಟ ಹಿಡಿದಿದ್ದಾರೆ. ಬಿಡಲೋ, ತಡೆಯಲೋ?
— ಹೋಮ್‌ಸ್ಟೇ ನಡೆಸುವವರು, ಗೋಕರ್ಣ

ತಡೆಯಿರಿ. ಅವರ ಪ್ರೀತಿ ಸುಳ್ಳೆಂದು ಹೀಗೆ ಹೇಳುತ್ತಿಲ್ಲ.

ನಮ್ಮ ಸಂವಿಧಾನದ 14 ಮತ್ತು 21ನೇ ವಿಧಿಗಳು ಇಲ್ಲಿರುವ ಎಲ್ಲ ಮನುಷ್ಯರಿಗೂ ಅನ್ವಯಿಸುತ್ತವೆ. ಸಭೆ ಸೇರುವ, ಮಾತಾಡುವ ಹಕ್ಕು ಕೊಡುವ 19ನೇ ವಿಧಿ ನಾಗರಿಕರಿಗೆ ಮಾತ್ರ. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆಯ ವಿರುದ್ಧದ ಪ್ರತಿಭಟನೆಗೆ ಹೋದ ಮದ್ರಾಸ್ ಐಐಟಿಯ ಒಬ್ಬ ಜರ್ಮನ್ ವಿದ್ಯಾರ್ಥಿ, ಕೊಚ್ಚಿಯ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದ್ದ ನಾರ್ವೆಯ ಒಬ್ಬ ವಯಸ್ಸಾದ ಪ್ರವಾಸಿ, ಇಬ್ಬರೂ ದೇಶ ಬಿಟ್ಟು ಹೋಗಬೇಕಾಯಿತು. ಕೋಲ್ಕತ್ತಾದಲ್ಲಿ ಓದುತ್ತಿದ್ದ ಪೋಲೆಂಡಿನ ವಿದ್ಯಾರ್ಥಿಗೂ ಹೊರಡಲು ನೋಟಿಸು ಬಂತು. ಆತ ಕೋರ್ಟಿಗೆ ಹೋದ, 2020ರ ಮಾರ್ಚ್‌ನಲ್ಲಿ ಕಲ್ಕತ್ತಾ ಹೈಕೋರ್ಟು ಆ ನೋಟಿಸನ್ನು ರದ್ದುಮಾಡಿತು. ಅಲ್ಲಿಯವರೆಗೆ ಅವನು ಪಟ್ಟ ಪಾಡು ಅವನಿಗೇ ಗೊತ್ತು. ನಿಮ್ಮ ಅತಿಥಿ ಬರುವುದು ಪ್ರವಾಸಿ ವೀಸಾದಲ್ಲಿ. ಅವರು ಬಂದು ಇಳಿದ 24 ಗಂಟೆಯೊಳಗೆ ಅವರ ವಿವರ ತುಂಬಿ ಸರ್ಕಾರಕ್ಕೆ ಕಳಿಸುವವರು ನೀವು. ಮೊದಲ ಫೋನು ನಿಮಗೇ ಬರುತ್ತದೆ.

ಕಾನೂನಿಗಿಂತ ದೊಡ್ಡ ಕಾರಣ ಬೇರೆಯಿದೆ. ಹಾಂಗ್‌ಕಾಂಗ್‌ನಲ್ಲಿ ಬಿಳಿಯ ಮುಖವೊಂದು ಮೆರವಣಿಗೆಯ ಫೋಟೊದಲ್ಲಿ ಕಂಡರೆ ಸಾಕು, ‘ಇದರ ಹಿಂದೆ ವಿದೇಶಿ ಕೈವಾಡ’ ಎಂದು ಬರೆಯಲು ಕಾಯುತ್ತಿದ್ದರು. ಟೊಂಕಾದವರು ತಮ್ಮ ದಡಕ್ಕಾಗಿ, ಮೀನು ಒಣಗಿಸುವ ಮರಳಿಗಾಗಿ, ಕಡಲಾಮೆ ಮೊಟ್ಟೆಯಿಡುವ ಜಾಗಕ್ಕಾಗಿ ವರ್ಷಗಟ್ಟಲೆ ಹೋರಾಡುತ್ತಿದ್ದಾರೆ. ಮಾರನೆಯ ದಿನ ಪೇಪರಿನಲ್ಲಿ ಮೀನುಗಾರ ಹೆಂಗಸರ ಬದಲು ನಿಮ್ಮ ಅತಿಥಿಯ ಫೋಟೊ ಬಂದರೆ ಸುದ್ದಿ ಅವರದ್ದಾಗುತ್ತದೆ, ಹೋರಾಟದ್ದಲ್ಲ.

ಹಾಗೆಂದು ಹೊರಗಿನವರು ನಮ್ಮ ಹೋರಾಟಗಳಲ್ಲಿ ನಿಂತದ್ದೇ ಇಲ್ಲವೆಂದಲ್ಲ. ಜಲಿಯನ್‌ವಾಲಾ ಬಾಗ್ ಆದ 1919ರಲ್ಲೇ ‘ಬಾಂಬೆ ಕ್ರಾನಿಕಲ್’ ಸಂಪಾದಕ ಬಿ.ಜಿ. ಹಾರ್ನಿಮನ್ ಅವರನ್ನು ಬ್ರಿಟಿಷ್ ಸರ್ಕಾರ ಹಡಗು ಹತ್ತಿಸಿ ಇಂಗ್ಲೆಂಡಿಗೆ ಅಟ್ಟಿತು. ಸಿಮ್ಲಾ ಹತ್ತಿರದ ಕೋಟಗಢದಲ್ಲಿ ಸೇಬು ಬೆಳೆಸಿದ ಅಮೆರಿಕದ ಸ್ಯಾಮ್ಯುಯೆಲ್ ಸ್ಟೋಕ್ಸ್ ಅಸಹಕಾರ ಚಳವಳಿಯಲ್ಲಿ ಜೈಲಿಗೆ ಹೋದರು. ಅವರು ಬೆಲೆ ತೆತ್ತು ನಿಂತವರು. ಸ್ಟೋಕ್ಸ್ ಅಂತೂ ಇಲ್ಲೇ ಮದುವೆಯಾಗಿ, ಇಲ್ಲೇ ಮಣ್ಣಾದವರು. ನಿಮ್ಮ ಅತಿಥಿ ಏಪ್ರಿಲಿನಲ್ಲಿ ಊರಿಗೆ ಹೋಗುತ್ತಾರೆ. ಹೋದ ಮೇಲೆ ತಮ್ಮ ಭಾಷೆಯಲ್ಲಿ, ತಮ್ಮ ಪೇಪರಿನಲ್ಲಿ ಟೊಂಕಾದ ಬಗ್ಗೆ ಬರೆಯಲಿ. ಅದನ್ನು ತಡೆಯುವವರು ಯಾರೂ ಇಲ್ಲ.

ಎಂಎಸ್ ಓದಲು ಅಮೆರಿಕಕ್ಕೆ ಹೊರಟಿದ್ದೇನೆ ಅಕ್ಕಾ. ಅಪ್ಪ ‘ಕಾಲೇಜಿನಲ್ಲಿ ಯಾವ ಗಲಾಟೆಗೂ ತಲೆ ಹಾಕಬೇಡ’ ಎಂದು ದೇವರ ಮುಂದೆ ಆಣೆ ಮಾಡಿಸಿಕೊಂಡಿದ್ದಾರೆ. ಎರಡು ವರ್ಷ ಬಾಯಿ ಹೊಲಿದುಕೊಂಡು ಇರಬೇಕೇ?
— ವಿದ್ಯಾರ್ಥಿನಿ, ಶಿರಸಿ

ಅಪ್ಪನ ಹೆದರಿಕೆಗೆ ಕಾರಣವಿದೆ ತಂಗೀ. ಅಮೆರಿಕದ ಸಂವಿಧಾನ ಮಾತಿನ ಹಕ್ಕನ್ನು ನಾಗರಿಕರಿಗಷ್ಟೇ ಎಂದು ಕಟ್ಟಿಟ್ಟಿಲ್ಲ. ಆದರೆ ವೀಸಾದ ಕಾನೂನು ಬೇರೆಯೇ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ಯಾಲೆಸ್ತೀನ್ ಪರ ಪ್ರತಿಭಟನೆಗಳಲ್ಲಿ ಮುಂದೆ ನಿಂತಿದ್ದ ಒಬ್ಬರನ್ನು, ಗ್ರೀನ್ ಕಾರ್ಡ್ ಇದ್ದರೂ, 2025ರ ಮಾರ್ಚ್‌ನಲ್ಲಿ ಹಿಡಿದು 104 ದಿನ ಲೂಸಿಯಾನಾದ ಬಂಧನ ಕೇಂದ್ರದಲ್ಲಿಟ್ಟರು. ಕೋರ್ಟು ಹೇಳಿದ ಮೇಲೆ ಬಿಟ್ಟರು. ಅದೇ ತಿಂಗಳು ಅಲ್ಲೇ ಓದುತ್ತಿದ್ದ ನಮ್ಮ ದೇಶದ ಒಬ್ಬ ಹುಡುಗಿಯ ವೀಸಾ ರದ್ದಾಗಿ ಅವಳು ದೇಶ ಬಿಟ್ಟಳು.

ಆಣೆ ಮಾಡಿದ್ದೀ, ಬೀದಿಗೆ ಇಳಿಯಬೇಡ. ಬಾಯಿ ಹೊಲಿದುಕೊಳ್ಳಲು ಮಾತ್ರ ನಾನು ಹೇಳಲಾರೆ. ತರಗತಿಯಲ್ಲಿ ಕೇಳು, ಓದು, ಊಟದ ಮೇಜಿನಲ್ಲಿ ವಾದ ಮಾಡು. ನಿನ್ನ ರೂಮಿನವಳು ಮೆರವಣಿಗೆಯಿಂದ ಸುಸ್ತಾಗಿ ಬಂದರೆ ಒಂದು ಮುಷ್ಟಿ ಅನ್ನ ಹೆಚ್ಚಿಗೆ ಇಡು. ಯಾರಾದರೂ ನಿನ್ನ ಊರಿನಲ್ಲಿ ಹೀಗೆಲ್ಲ ಉಂಟೇ ಎಂದು ಕೇಳಿದರೆ, 1983ರ ಸೆಪ್ಟೆಂಬರ್‌ನಲ್ಲಿ ನಿನ್ನ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ, ಕೊಡಲಿಯ ಎದುರು ಮರವನ್ನು ಅಪ್ಪಿ ನಿಂತದ್ದನ್ನು ಹೇಳು. ಅಪ್ಪಿಕೋ ಎಂಬ ಶಬ್ದವನ್ನು ಕನ್ನಡದಲ್ಲೇ ಹೇಳಿಕೊಡು.

ಪರದೇಶದ ಮೆರವಣಿಗೆಗೆ ನೀರು ಹಂಚಿದ ಕತೆಯನ್ನು ಹಿಂದೊಮ್ಮೆಯೂ ಬರೆದಿದ್ದೀರಿ. ಕೇಣಿಯಲ್ಲಿ ಬಂದರು ಬೇಡವೆಂದು ನಮ್ಮವರು ಬೀದಿಗೆ ಬಂದಾಗ ನೀವು ಎಲ್ಲಿದ್ದಿರಿ?
— ಹೆಸರು ಬರೆದಿಲ್ಲ, ಅಂಕೋಲಾ

ನೀವು ಕೇಳಿದ್ದು ಸರಿ. ಮೊದಲ ದಿನಗಳಲ್ಲಿ ನಾನು ಬರಲಿಲ್ಲ. ಇಪ್ಪತ್ತೆರಡು ವರ್ಷ ಹೊರಗಿದ್ದು ಬಂದವಳು, ನನ್ನ ಪಿಂಚಣಿ, ಮನೆ ಎರಡೂ ಗಟ್ಟಿಯಿವೆ, ಬಂದರು ಬಂದರೂ ಬಾರದಿದ್ದರೂ ನನ್ನ ಗಂಜಿಗೆ ತೊಂದರೆಯಿಲ್ಲ. ಊರಲ್ಲಿದ್ದೂ ಹೊರಗಿನವಳ ಹಾಗೆ ಕಿಟಕಿಯಿಂದ ನೋಡಿದೆ. ಆಮೇಲೆ ಒಂದು ಬೆಳಿಗ್ಗೆ ಬಂಗಡೆ ತರುವ ಹೆಂಗಸು ಬುಟ್ಟಿ ಇಳಿಸದೆ, ‘ಅಕ್ಕೋರೇ, ಇವತ್ತು ಮೀನಿಲ್ಲ, ಎಲ್ಲರೂ ಕೇಣಿಯಲ್ಲಿದ್ದೇವೆ’ ಎಂದಳು. ಅವಳ ಹಿಂದೆಯೇ ಹೋದೆ.

ಅಲ್ಲಿ ನನಗೆ ಭಾಷಣ ಮಾಡಲು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಾತಿದೋಣಿ ಇರುವವರು, ರಂಪಣಿ ಎಳೆಯುವವರು, ಮೀನು ಒಣಗಿಸುವವರು, ಯಾರ ಮನೆಯಲ್ಲಿ ಎಷ್ಟು ಜನ ಇದೇ ದಡ ನಂಬಿದ್ದಾರೆ ಎಂಬುದನ್ನು ಬರೆದಿಡುವವರು ಬೇಕಾಗಿದ್ದರು. ಶಾಲೆಯ ಹಾಜರಿ ಪುಸ್ತಕದಂಥ ಒಂದು ಉದ್ದ ವಹಿ ತಂದು ಕೂತೆ. ಇಲ್ಲಿಯವರೆಗೆ ಅರವತ್ತೆರಡು ಮನೆ ಆಗಿದೆ. ನೀವು ಆ ಕೇರಿಯವರೇ ಆಗಿದ್ದರೆ ಭಾನುವಾರ ಬೆಳಿಗ್ಗೆ ದೋಣಿ ಎಳೆಯುವ ಹೊತ್ತಿಗೆ ಅಲ್ಲಿರುತ್ತೇನೆ. ನಿಮ್ಮ ಮನೆಯ ಹೆಸರನ್ನೂ ಬರೆದುಕೊಳ್ಳುತ್ತೇನೆ.